ಗೋಡೆ ಒರೆಸುವ ದಾವಲಬಿ

ಇಂಡಿ ಇನ್ನೂ ಪೂರ್ತಿ ಎದ್ದಿಲ್ಲ. ಲಿಂಬೆಹಣ್ಣಿನ ಚೀಲ ಹೇರಿಕೊಂಡ ಟೆಂಪೊ ಒಂದು ಮಾರುಕಟ್ಟೆಯ ಕಡೆ ಹೋದ ಸದ್ದು ಬಿಟ್ಟರೆ ರಸ್ತೆ ತಣ್ಣಗಿದೆ. ಊರಂಚಿನ ಪದವಿ ಕಾಲೇಜಿನ ಹಿಂದಿನ ಗೇಟು ಕಿರ್ರೆಂದು ತೆರೆಯುತ್ತದೆ. ಒಳಗೆ ಬರುವವರು ದಾವಲಬಿ. ತಲೆಯ ಮೇಲೆ ಬಿಗಿಯಾಗಿ ಹೊದ್ದ ಸೆರಗು, ಒಂದು ಕೈಯಲ್ಲಿ ಬಕೀಟು, ಇನ್ನೊಂದರಲ್ಲಿ ಬ್ಯಾಟರಿ. ಬಕೀಟಿನೊಳಗೆ ಹಳೆಯ ಬನಿಯನ್ನಿನ ಚೂರು, ತೆಂಗಿನ ನಾರು, ಬಾಟಲಿಯ ತಳದಲ್ಲಿ ಒಂದಿಷ್ಟು ಥಿನ್ನರು, ಮುಚ್ಚಳ ಬಿಗಿದ ಡಬ್ಬಿಯಲ್ಲಿ ಕಲಸಿದ ಸುಣ್ಣ.

ಕಸ ಗುಡಿಸುವವರು ಸಾಮಾನ್ಯವಾಗಿ ಮೊದಲು ಪ್ರಿನ್ಸಿಪಾಲರ ಕೋಣೆಗೆ ಹೋಗುತ್ತಾರೆ. ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗ ಅದು. ದಾವಲಬಿ ಮೊದಲು ಹೋಗುವುದು ಹುಡುಗರ ಶೌಚಾಲಯಕ್ಕೆ. ಒಳಗೆ ನಿಂತು ಬ್ಯಾಟರಿಯ ಬೆಳಕನ್ನು ಗೋಡೆಯ ಮೇಲೆ ಮೆಲ್ಲಗೆ ಆಡಿಸುತ್ತಾರೆ. ಕದದ ಹಿಂಬದಿ, ಕಿಟಕಿಯ ಅಡಿ, ನೀರಿನ ಟಾಕಿಯ ಪಕ್ಕ. ಬೆಳಕು ಒಂದು ಕಡೆ ನಿಲ್ಲುತ್ತದೆ. ಒಂದು ಹುಡುಗಿಯ ಹೆಸರು, ಅವಳ ಕ್ಲಾಸು, ಕೆಳಗೆ ಇಲ್ಲಿ ಅಚ್ಚು ಹಾಕಲಾಗದ ಎರಡು ಸಾಲು. ದಾವಲಬಿ ಪೂರ್ತಿ ಓದುತ್ತಾರೆ. ಮುಖ ಹುಳಿಯಾಗುತ್ತದೆ. ಸೊಂಟದ ಚೀಲದಿಂದ ಫೋನು ತೆಗೆದು ಒಂದು ಫೋಟೊ ಹೊಡೆಯುತ್ತಾರೆ, ಆಮೇಲೆ ನಾರು ಹಿಡಿದು ತಿಕ್ಕಲು ಶುರು ಮಾಡುತ್ತಾರೆ. ಫೋಟೊ ಹೊಡೆಯುವುದು ಹೋದ ವರ್ಷ ಬಂದ ರೂಢಿ. ತಿಕ್ಕುವುದು ಮಾತ್ರ ಅವರ ಅರ್ಧ ಆಯುಷ್ಯದಷ್ಟು ಹಳೆಯದು.

"ಹುಡಿಗ್ಯಾರು ಬರೂದ್ರಾಗ ಗ್ವಾಡಿ ಸ್ವಚ್ಛ ಆಗಬೇಕ್ರಿ," ಎನ್ನುತ್ತಾರೆ ಕೈ ನಿಲ್ಲಿಸದೆ. "ಈ ಹೆಸರಿನ ಕೂಸು ಈಗ ಯಾವ್ದೋ ಊರಾಗ ಜಡಿ ಹಾಕ್ಕೊಳ್ಳಾಕತ್ತಿರ್ತೈತಿ. ಅದಕ್ಕ ಏನ್ ಗೊತ್ರಿ, ಇಲ್ಲಿ ಇಂಥಾದ್ದು ಐತಿ ಅಂತ?"

ಗೋಡೆಗೂ ಕಿವಿಯಿದೆ ಎನ್ನುವುದು ಹಳೆಯ ಮಾತು. ಕಾಲೇಜಿನ ಗೋಡೆಗೆ ಕಿವಿಗಿಂತ ಬಾಯಿ ದೊಡ್ಡದು. ಶೌಚಾಲಯ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನ ಕಂಬಗಳು, ಮಹಡಿ ಮೆಟ್ಟಿಲ ತಿರುವು, ಹದಿನಾಲ್ಕು ಕ್ಲಾಸ್‌ರೂಮುಗಳ ಕೊನೆಯ ಸಾಲಿನ ಬೆಂಚುಗಳು. ಕಸ ಗುಡಿಸುವುದು, ನೆಲ ಒರೆಸುವುದು, ಟಾಕಿಗೆ ನೀರು ಬಿಡುವುದು ಇದೆಲ್ಲ ಆಮೇಲೆ. ಗೋಡೆ ಓದಿ ಒರೆಸು ಎಂದು ಅವರಿಗೆ ಯಾರೂ ಹೇಳಿಲ್ಲ. ಅದು ಅವರ ಕೆಲಸದಲ್ಲಿ ಸೇರಿಯೂ ಇಲ್ಲ.

ದಾವಲಬಿ ಹುಟ್ಟಿದ್ದು ಸಾಲೋಟಗಿಯಲ್ಲಿ. ಅಲ್ಲೇ ನಾಲ್ಕನೇ ಇಯತ್ತೆವರೆಗೆ ಓದಿದರು. ಇಂಡಿಯ ಮಲಿಕಸಾಬರನ್ನು ಮದುವೆಯಾಗಿ ಬಂದಾಗ ಈ ಕಾಲೇಜು ಮೂರು ಕೋಣೆ, ಒಂದು ತಗಡಿನ ಶೆಡ್ಡು, ಒಂದು ಬೇವಿನ ಗಿಡ, ಅಷ್ಟೇ. ಮಲಿಕಸಾಬರು ಸುಣ್ಣ ಬಳಿಯುವವರು. ಪ್ರತಿ ಬೇಸಿಗೆ ರಜೆಯಲ್ಲಿ ಕಾಲೇಜಿನ ಗೋಡೆಗೆಲ್ಲ ಅವರದೇ ಕೈ. ಹೆಂಡತಿ ನೀರು ಹೊತ್ತು ಕೊಡಬೇಕು, ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಕದಡಬೇಕು. ಆ ನೀಲಿ ಬೆರೆತ ಬಿಳುಪು ಬಿಸಿಲಲ್ಲಿ ಒಣಗಿದ ಮೇಲೆ ಕಾಲೇಜು ಹಬ್ಬಕ್ಕೆ ಹೊಸ ಅಂಗಿ ತೊಟ್ಟ ಮಗುವಿನ ಹಾಗೆ ಕಾಣುತ್ತಿತ್ತು ಎಂದು ದಾವಲಬಿ ಈಗಲೂ ನೆನೆಯುತ್ತಾರೆ. ಗುಡಿಸುವ ಕೆಲಸ ಸಿಕ್ಕಿದ್ದು ಹಾಗೆ, ಗಂಡನ ಸುಣ್ಣದ ಬೆನ್ನಿಗೇ. ಮಲಿಕಸಾಬರು ತೀರಿಕೊಂಡು ಬಹಳ ವರ್ಷಗಳಾದವು. ಕಾಲೇಜು ಮೂರಂತಸ್ತಾಗಿ ಹಳದಿ ಡಿಸ್ಟೆಂಪರ್ ಬಳಿದುಕೊಂಡಿದೆ. ತಿಕ್ಕಿದರೂ ಹೋಗದ ಬರಹದ ಮೇಲೆ ದಾವಲಬಿ ಹಚ್ಚುವ ಸುಣ್ಣ ಆ ಹಳದಿಯಲ್ಲಿ ಬಿಳಿ ತೇಪೆಯಾಗಿ ಎದ್ದು ಕಾಣುತ್ತದೆ. ಗೋಡೆ ಕೆಡಿಸುತ್ತೀ ಎಂದು ಕಚೇರಿಯವರಿಂದ ಬೈಸಿಕೊಂಡದ್ದೂ ಉಂಟು.

ಆಗ ಹುಡುಗಿಯರು ಬೆರಳೆಣಿಕೆಯಷ್ಟು. ಮಧ್ಯಾಹ್ನ ಬೇವಿನ ನೆರಳಲ್ಲಿ ದುಂಡಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬಟ್ಟೆಯಲ್ಲಿ ಕಟ್ಟಿದ ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ದಾವಲಬಿಗೂ ಒಂದು ಪಾಲು ಇರುತ್ತಿತ್ತು. ಎಲ್ಲರಿಗೂ ಅವರು 'ಮೌಶಿ', ಅಂದರೆ ಚಿಕ್ಕಮ್ಮ. ಯಾರ ಮನೆಯಲ್ಲಿ ಎಮ್ಮೆ ಈಯಿತು, ಯಾರ ಅಕ್ಕನಿಗೆ ಗಂಡು ಗೊತ್ತಾಯಿತು, ಎಲ್ಲ ಸುದ್ದಿ ಮೌಶಿಗೆ ಮೊದಲು. ಆ ದಿನಗಳ ಮಾತು ಬಂದರೆ ಅವರ ಕೈ ತಾನಾಗಿ ನಿಧಾನವಾಗುತ್ತದೆ. ಎಣ್ಣೆ ಹಚ್ಚಿ ಬಿಗಿದ ಎರಡೆರಡು ಜಡೆ, ಮಡಿಲಲ್ಲಿ ಪುಸ್ತಕ, ಒಂದೇ ಕೊಡೆಯ ಕೆಳಗೆ ಮೂವರು, ಹೀಗೆ ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಆ ಕಾಲ ಒಳ್ಳೆಯದಿತ್ತು ಎಂದು ಅವರು ಒಮ್ಮೆಯೂ ಹೇಳುವುದಿಲ್ಲ. ಆ ಹುಡುಗಿಯರು ಒಳ್ಳೆಯವರಿದ್ದರು ಎನ್ನುತ್ತಾರೆ.

ಅವರಲ್ಲಿ ಒಬ್ಬಳು ಕಸ್ತೂರೆವ್ವ. ಲೆಕ್ಕದಲ್ಲಿ ಜಾಣೆ, ನಗು ಶುರುವಾದರೆ ನಿಲ್ಲಿಸಲು ಬಾರದವಳು. ಒಂದು ಬೆಳಿಗ್ಗೆ ತಗಡಿನ ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಅವಳ ಹೆಸರು, ಪಕ್ಕದಲ್ಲಿ ಒಬ್ಬ ಹುಡುಗನ ಹೆಸರು, ಕೆಳಗೊಂದು ಕೆಟ್ಟ ಚಿತ್ರ. ಅವಳಿಗೆ ಆ ಹುಡುಗನ ಪರಿಚಯವೇ ಇರಲಿಲ್ಲ. ಅವತ್ತೇ ಫೀಸಿನ ವಿಷಯಕ್ಕೆ ಅಪ್ಪ ಕಾಲೇಜಿಗೆ ಬಂದಿದ್ದ. ಗೋಡೆ ನೋಡಿದ, ಏನೂ ಕೇಳಲಿಲ್ಲ, ಮಗಳ ಕೈ ಹಿಡಿದು ನಡೆದುಬಿಟ್ಟ. ಬೇಸಿಗೆ ಬರುವುದರೊಳಗೆ ಅವಳನ್ನು ಸಿಂದಗಿಗೆ ಕೊಟ್ಟಾಯಿತು.

"ಆ ದಿನ ನಾ ತಡಾ ಮಾಡಿ ಬಂದಿದ್ದೆರಿ," ಎನ್ನುತ್ತಾರೆ ದಾವಲಬಿ. "ಮೊದಲ ಬಂದು ಒಂದು ಹಸೀ ಅರಬೀಲೆ ಗ್ವಾಡಿ ಒರಸಿದ್ರ ಆ ಹುಡಿಗಿ ಬಿ.ಎ. ಮುಗಸ್ತಿತ್ತು."

ಮರುದಿನದಿಂದ ಅವರು ಕೋಳಿ ಕೂಗುವ ಹೊತ್ತಿಗೆ ಬರತೊಡಗಿದರು. ಈಚೆಗೊಮ್ಮೆ ಇಂಡಿ ಬಸ್ ಸ್ಟ್ಯಾಂಡಿನಲ್ಲಿ ತಲೆ ನರೆತ ಹೆಂಗಸೊಬ್ಬರು ಎದುರು ಬಂದು, 'ಮೌಶಿ, ಆ ಗ್ವಾಡಿ ಇನ್ನಾ ಐತೇನು?' ಎಂದು ಕೇಳಿದರಂತೆ. ಅದೇ ಕಸ್ತೂರೆವ್ವ. ಶೆಡ್ಡು ಕೆಡವಿ ಎಷ್ಟೋ ಕಾಲವಾಯಿತು ಎಂದು ಹೇಳುವುದರೊಳಗೆ ಸಿಂದಗಿ ಬಸ್ಸು ಹೊರಟಿತು. ಇಷ್ಟು ಹೇಳುವಾಗ ದಾವಲಬಿಯ ಕಣ್ಣು ತುಂಬುತ್ತದೆ. ಅದನ್ನವರು ಬಚ್ಚಿಡುವುದಿಲ್ಲ.

ಇದ್ದಿಲು ಹೋಗಿ ಸೀಮೆಸುಣ್ಣ ಬಂತು, ಬಾಲ್‌ಪೆನ್ ಬಂತು, ವೈಟ್ನರ್ ಬಂತು, ಈಗ ಮಾರ್ಕರ್. ಮೊದಲು ಬರೀ ಹೆಸರು ಇರುತ್ತಿತ್ತು, ಈಗ ಹೆಸರಿನ ಕೆಳಗೆ ಫೋನ್ ನಂಬರೂ ಇರುತ್ತದೆ. ಹೆಸರು ಒರೆಸಿದರೆ ಹೋಗುತ್ತದೆ. ನಂಬರು ಅಷ್ಟರೊಳಗೆ ನಾಲ್ಕು ಜನರ ಜೇಬು ಸೇರಿರುತ್ತದೆ. ಇದು ದಾವಲಬಿಗೆ ಗೊತ್ತಾಗುವ ಹೊತ್ತಿಗೆ ಒಂದು ಹುಡುಗಿಯ ಓದು ನಿಲ್ಲುವುದರಲ್ಲಿತ್ತು.

ಆ ಹುಡುಗಿಯನ್ನು ಮಂಜರಿ ಎಂದು ಕರೆಯೋಣ. ಅವಳ ಮತ್ತು ಅವಳ ಕಡೆಯವರ ಹೆಸರುಗಳನ್ನು ಇಲ್ಲಿ ಬದಲಿಸಲಾಗಿದೆ. ಸಾಲೋಟಗಿಯಿಂದ ಬಸ್ಸಿನಲ್ಲಿ ಬರುವವಳು, ಆಗ ಎರಡನೇ ವರ್ಷದ ಬಿ.ಎಸ್ಸಿ. ಹೋದ ವರ್ಷ ಕೊನೆಯ ವರ್ಷದ ಹುಡುಗನೊಬ್ಬ ಅವಳ ಬೆನ್ನು ಹತ್ತಿದ. ಬೇಡವೆಂದಳು. ಬಸ್ ಸ್ಟ್ಯಾಂಡಿನವರೆಗೂ ಬಂದ. ಮತ್ತೆ ಬೇಡವೆಂದಳು. ಆ ವಾರದಿಂದ ಅವಳ ಫೋನಿಗೆ ಗುರುತಿಲ್ಲದ ಗಂಡಸರ ಕರೆಗಳು ಶುರುವಾದವು. ಕೇಳಬಾರದ ಮಾತು ಕೇಳಿ ಕೇಳಿ ಹುಡುಗಿ ಫೋನು ಮುಟ್ಟಲೇ ಹೆದರಿದಳು. ಕೊನೆಗೆ ಆ ಹುಡುಗನ ಕ್ಲಾಸಿನವನೇ ಆದ ಪಾರ್ಥ ಅವಳ ಗೆಳತಿಯ ಮೂಲಕ ವಿಷಯ ಮುಟ್ಟಿಸಿದ. ಹುಡುಗರ ಶೌಚಾಲಯದ ಗೋಡೆಯ ಮೇಲೆ ಅವಳ ಹೆಸರೂ ನಂಬರೂ ಇದೆ, ಬರೆದವನು ಆ ಹುಡುಗನೇ, ಆದರೆ ತನ್ನ ಹೆಸರು ಎತ್ತಬೇಡಿ ಎಂದ. ಪಾರ್ಥನೂ ಆ ಹುಡುಗನೂ ಒಂದೇ ಬಾಡಿಗೆ ಕೋಣೆಯಲ್ಲಿದ್ದರು.

ಕಾಲೇಜಿನ ವೆರಾಂಡಾದಲ್ಲಿ 'ಆಂತರಿಕ ದೂರು ಸಮಿತಿ' ಎಂದು ಒಂದು ಬೋರ್ಡಿದೆ. ಹುಡುಗಿಯರಿಗೆ ಕಿರುಕುಳವಾದರೆ ಇಲ್ಲಿ ಹೇಳಿ ಎಂದು ಫೋನ್ ನಂಬರು ಸಮೇತ ಬರೆದಿದೆ. ಬೋರ್ಡು ಹಾಕಿದವರೇ ಅದನ್ನು ಮರೆತಿದ್ದರು ಎಂದರೂ ನಡೆದೀತು. ಮಂಜರಿ ಮರೆತಿರಲಿಲ್ಲ. ಮನೆಯಲ್ಲಿ ತಿಳಿಸದೆ, ಸಮಿತಿಯ ಅಧ್ಯಕ್ಷೆ, ಅರ್ಥಶಾಸ್ತ್ರದ ಜಾನಕಿಬಾಯಿ ಮೇಡಂ ಮುಂದೆ ಹೋಗಿ ದೂರು ಕೊಟ್ಟಳು.

ಸಮಿತಿ ಸೇರಿತು. ಹುಡುಗ ಬಂದ, ಎದೆ ಸೆಟೆಸಿ ನಿಂತ. ಎಲ್ಲಿ ಬರೆದಿದೆ ತೋರಿಸಿ ಎಂದ. ಸಮಿತಿಯವರು ಹೋಗಿ ನೋಡಿದರು. ಗೋಡೆ ಲಕಲಕ, ಒಂದು ಹಸಿ ಸುಣ್ಣದ ತೇಪೆ ಬಿಟ್ಟರೆ ಏನೂ ಇಲ್ಲ. ಹುಡುಗನನ್ನು ಹೊರಗೆ ಕಳಿಸಿ ಮಾತು ಮುಂದುವರಿಯಿತು. ಸಾಕ್ಷಿ ಇಲ್ಲ, ಅವನದು ಕೊನೆಯ ವರ್ಷ, ಮಾವ ಊರಲ್ಲಿ ದೊಡ್ಡ ಕುಳ. ಸದಸ್ಯರೊಬ್ಬರು ನಮ್ಮ ಕಡೆಯ ಹಳೆಯ ಮದ್ದನ್ನೇ ಮುಂದಿಟ್ಟರು: ಹುಡುಗ ಎಲ್ಲರೆದುರು ಇವಳನ್ನು ತಂಗಿ ಎಂದು ಕರೆಯಲಿ, ಇಬ್ಬರಿಗೂ ಬುದ್ಧಿ ಹೇಳಿ ರಾಜಿ ಮಾಡಿ ಮುಗಿಸೋಣ. ಹುಡುಗಿಗೆ ಯಾವ ತಪ್ಪಿಗೆ ಬುದ್ಧಿ ಹೇಳಬೇಕು ಎಂದು ಅವರನ್ನು ಯಾರೂ ಕೇಳಲಿಲ್ಲ. ಮಂಜರಿ ಕುರ್ಚಿಯ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ದಾವಲಬಿ ಆ ಹೊತ್ತಿಗೆ ಚಹಾ ತಂದಿದ್ದರು. ಗೋಡೆಯ ಮಾತು ಕಿವಿಗೆ ಬಿತ್ತು, ಸುಣ್ಣದ ತೇಪೆಯ ಮಾತೂ ಬಿತ್ತು. ಕೈಯಲ್ಲಿದ್ದ ಟ್ರೇಯನ್ನು ಮೇಜಿನ ಮೇಲಿಟ್ಟು ನೆಟ್ಟಗೆ ನಿಂತರು.

"ಆ ಗ್ವಾಡಿ ನಾನ ಒರಸೇನ್ರಿ, ಮೇಡಂ."

ಅವತ್ತಿನ ಸಂಕಟವನ್ನು ಅವರು ಈಗಲೂ ನುಂಗಿಕೊಂಡಿಲ್ಲ. "ಹುಡಿಗಿಗಿ ಛೊಲೊ ಮಾಡಾಕತ್ತೇನಿ ಅಂತ ತಿಳ್ಕೊಂಡಿದ್ದೆರಿ. ಅಂವನ ಹೊಲಸ ನಾನ ಮುಚ್ಚಿ ಮುಚ್ಚಿ ಕೊಟ್ಟಂಗಾಗಿತ್ತು. ಭೂಮಿ ಬಾಯಿ ಬಿಟ್ಟಿದ್ರ ಅಲ್ಲೇ ಇಳದಹೋಗ್ತಿದ್ದೆ," ಎನ್ನುತ್ತಾರೆ.

ಜಾನಕಿಬಾಯಿ ಮೇಡಂ ಗದರಲಿಲ್ಲ. ಕುರ್ಚಿ ಎಳೆದು ಕೂರಿಸಿದರು. ಏನು ಬರೆದಿತ್ತು, ನೆನಪಿದೆಯೇ ಎಂದು ಕೇಳಿದರು. ಹೇಳಲು ಮುಜುಗರವಾದರೆ ಬರೆದು ಕೊಡಿ ಎಂದು ಕಾಗದವನ್ನೂ ಮುಂದೆ ಸರಿಸಿದರು. ಓದಲು ಬರುತ್ತದೆ, ಬರೆಯುವ ರೂಢಿ ತಪ್ಪಿಹೋಗಿದೆ ಎಂದರು ದಾವಲಬಿ. ಅಂದರೆ ಬಾಯಿಬಿಟ್ಟೇ ಹೇಳಬೇಕು. ಇಬ್ಬರು ಗಂಡಸರು ಕೂತ ಕೋಣೆ. ನಳದ ಕಟ್ಟೆಯ ಜಗಳದಲ್ಲಿ ಕೆಟ್ಟ ಮಾತು ಕೇಳಿಸಿದರೆ ಖಾಲಿ ಕೊಡ ಎತ್ತಿಕೊಂಡು ಮನೆಗೆ ತಿರುಗುವ ಹೆಂಗಸು ಇವರು. ಮೇಡಂ ಮಂಜರಿಗೆ ಸ್ವಲ್ಪ ಹೊತ್ತು ಹೊರಗಿರು ಎಂದರು. ಅವಳು ಏಳಲಿಲ್ಲ.

"ನನ್ನ ಬಗ್ಗೆ ಬರದದ್ರಿ ಅದು. ನಾನೂ ಕೇಳ್ತೇನಿ," ಎಂದಳು.

ದಾವಲಬಿ ನೆಲ ನೋಡುತ್ತ ಹೇಳಿದರು. ಎರಡು ಸಲ ನಡುವೆ ನೀರು ಕುಡಿದು ಮುಂದುವರಿದರು. ಒಂದು ಶಬ್ದ ಬಿಡಲಿಲ್ಲ. ಎಲ್ಲಿ ಬರೆದಿತ್ತು, ಕೆಳಗೆ ನಂಬರು ಹೇಗಿತ್ತು, ಒರೆಸಿದ ಮೇಲೆ ಮತ್ತೆ ಬರೆದಿತ್ತು, ಮತ್ತೆ ಒರೆಸಿದೆ, ಎಲ್ಲ ಹೇಳಿದರು. ಸದಸ್ಯರೊಬ್ಬರು ಕಿಟಕಿಯ ಕಡೆ ಮುಖ ಮಾಡಿದ್ದರು. ರಾಜಿಯ ಮಾತೆತ್ತಿದವರ ಚಹಾ ಆರಿಹೋಗಿತ್ತು. ಮೇಡಂ ಅವರೊಬ್ಬರೇ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು.

ಸಮಿತಿಯ ಮಾತು ಸಮಿತಿಯಲ್ಲೇ ಇರಬೇಕು ಎನ್ನುವುದು ನಿಯಮ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದು ಹೇಗೆ? ಮೌಶಿ ಗಂಡಸರೆದುರು ಹೀಗೆಲ್ಲ ಮಾತಾಡಿದಳಂತೆ ಎಂದು ಓಣಿಯಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಕೆಲಸಕ್ಕೆ ಇಟ್ಟ ಏಜೆನ್ಸಿಯವನು ಫೋನು ಮಾಡಿ, ನಿನಗೇಕೆ ದೊಡ್ಡವರ ಉಸಾಬರಿ, ನಾಳೆ ಬೇರೆಯವರನ್ನು ಹಾಕಿಯೇನು ಎಂದ. ದಾವಲಬಿ ಹೂಂ ಎಂದು ಫೋನಿಟ್ಟು ಮರುದಿನ ಎಂದಿನ ಹೊತ್ತಿಗೇ ಬಂದರು. ಹೊರಬಿದ್ದ ಮಾತಿನಿಂದ ಒಂದು ಒಳ್ಳೆಯದೂ ಆಯಿತು. ಅದು ಪಾರ್ಥನ ಕಿವಿಗೂ ಬಿತ್ತು. ಇಡೀ ದಿನ ಕ್ಲಾಸಿಗೆ ಹೋಗದೆ ಅಲೆದಾಡಿದ ಹುಡುಗ ಕೊನೆಗೆ ಜಾನಕಿಬಾಯಿ ಮೇಡಂ ಬಾಗಿಲಲ್ಲಿ ನಿಂತ.

"ಮೌಶಿ ಅಷ್ಟು ಹೇಳಿದ ಮ್ಯಾಲ ನಾ ಬಾಯಿ ಮುಚ್ಕೊಂಡು ಹೆಂಗ ಕುಂದರ್ಲಿರಿ? ಅಂವ ಬರಿಯೂದು ನಾ ನೋಡೇನಿ," ಎಂದ.

ಆಮೇಲಿನದು ಬೇಗ ಆಯಿತು. ಬರೆದ ಹುಡುಗ ಒಪ್ಪಿಕೊಂಡ. ಒಂದು ವರ್ಷ ಕಾಲೇಜಿನ ಮೆಟ್ಟಿಲು ಹತ್ತುವಂತಿಲ್ಲ ಎಂದು ಸಮಿತಿ ಹೇಳಿತು. ಆಡಳಿತ ಮಂಡಳಿ ಮೂಗು ಮುರಿದರೂ ಸಹಿ ಹಾಕಿತು. ಫೋಟೊ ತೆಗೆದ ಮೇಲೆಯೇ ಗೋಡೆ ಒರೆಸಬೇಕು, ಫೋಟೊ ತಮಗೆ ಬರಬೇಕು ಎಂದು ಮೇಡಂ ದಾವಲಬಿಗೆ ತಾವೇ ಫೋನು ಹಿಡಿಸಿ ಕಲಿಸಿದರು.

ಎಲ್ಲ ಸುಖಾಂತವಾಯಿತು ಎಂದುಕೊಳ್ಳುವಷ್ಟರಲ್ಲಿ ಮಂಜರಿಯ ಅಪ್ಪ ಗೋವಿಂದರಾಯರು ಟಿ.ಸಿ. ಕೇಳಿಕೊಂಡು ಬಂದರು. ಸಾಲೋಟಗಿಯ ಹಳೆಯ ಮನೆತನ, ಹೊಲಮನೆ ಇರುವವರು, ಮಗಳೆಂದರೆ ಜೀವ. ದಾವಲಬಿಗೆ ಅವರು ಚಿಕ್ಕಂದಿನಿಂದ ಗೊತ್ತು. ಅವರ ಹೊಲದಲ್ಲಿ ದಾವಲಬಿಯ ತಾಯಿ ಕಳೆ ಕಿತ್ತವರು. ಕಚೇರಿಯ ಹೊರಗೆ ನೀರು ಕೊಡುವ ನೆಪದಲ್ಲಿ ದಾವಲಬಿ ರಾಯರ ಎದುರು ನಿಂತರು.

"ಅಂವ ತಪ್ಪು ಮಾಡ್ಯಾನಂತ ಆತು, ಖರೇ," ಎಂದರು ರಾಯರು. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ನನ್ನ ಮಗಳ ಹೆಸರು ಮಂದಿ ಬಾಯಾಗ ಬಂತಲ್ಲ ದಾವಲಬಿ, ಅದನ್ನ ಯಾರು ಒರಸ್ತಾರ?"

ದಾವಲಬಿ ಅವರಿಗೆ ಕಸ್ತೂರೆವ್ವನ ಕತೆ ಹೇಳಿದರು. ಅವಳ ಹೆಸರು ಬರೆದವನು ಪರೀಕ್ಷೆ ಪಾಸಾಗಿ ನೌಕರಿ ಹಿಡಿದ, ಓದು ಬಿಟ್ಟವಳು ಅವಳು ಎಂದರು. ದಾವಲಬಿ ಹಿಂದೆಂದೂ ಅವರ ಮನೆತನದವರೆದುರು ದನಿ ಎತ್ತಿದವರಲ್ಲ. ಅವತ್ತೂ ಎತ್ತಲಿಲ್ಲ, ಮೆಲ್ಲಗೇ ಹೇಳಿದರು.

"ಗ್ವಾಡಿ ಮ್ಯಾಲಿಂದೆಲ್ಲ ನಾ ಬಾಯಿ ಬಿಟ್ಟು ಹೇಳೇನ್ರಿ, ರಾಯರ. ಈ ವಯಸ್ಸಿನ್ಯಾಗ, ಗಂಡಸರ ಮುಂದ. ಬರದಾಂವಗ ಬರಲಾರದ ನಾಚಿಕಿ ನಿಮ್ಮ ಮಗಳಿಗಿ ಯಾಕ ಬರಬೇಕ್ರಿ?"

ಗೋವಿಂದರಾಯರು ಟಿ.ಸಿ. ತೆಗೆದುಕೊಳ್ಳದೆ ಬೆಂಚಿನಿಂದ ಎದ್ದು ಹೋದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಮರುದಿನ ಮಂಜರಿ ಬರಲಿಲ್ಲ, ಅದರ ಮರುದಿನವೂ ಇಲ್ಲ. ದಾವಲಬಿ ಗೇಟಿನ ಮುಂದೆ ಗುಡಿಸಿದ ನೆಲವನ್ನೇ ಮತ್ತೆ ಮತ್ತೆ ಗುಡಿಸುತ್ತ ಸಾಲೋಟಗಿ ಬಸ್ಸಿನ ದಾರಿ ಕಾದರು. ಇನ್ನೊಂದು ಕಸ್ತೂರೆವ್ವ ಆದಳು ಎಂದು ಮನಸ್ಸಿನಲ್ಲೇ ಅತ್ತರು. ಸೋಮವಾರ ಬಸ್ಸು ಬಂತು. ಎಲ್ಲರ ಹಿಂದೆ, ಮುಖ ಸಣ್ಣದು ಮಾಡಿಕೊಂಡು, ಹುಡುಗಿ ಇಳಿದಳು. ಗೇಟಿನ ಹತ್ತಿರ ಬಂದಾಗ ಎರಡೂ ಕಡೆ ನೋಡಿದಳು, ಹಿಂದೆ ತಿರುಗಿ ನೋಡಿದಳು, ಆಮೇಲೆ ಓಡುತ್ತ ಒಳಗೆ ಹೋದಳು. ಆ ಓಟ ದಾವಲಬಿಗೆ ಹಿಡಿಸಲಿಲ್ಲ. ಸುಮಾರು ದಿನ ಹಾಗೇ ಓಡಿದಳು ಎನ್ನುತ್ತಾರೆ.

ಮಂಜರಿಗೆ ಈಗ ಕೊನೆಯ ವರ್ಷ. ಸಮಿತಿಯಲ್ಲಿ ಬೋಧಕೇತರರಿಗಿರುವ ಜಾಗಕ್ಕೆ ದಾವಲಬಿಯ ಹೆಸರು ಸೇರಿದೆ. ಯಾವುದಾದರೂ ಹುಡುಗಿಗೆ ಮೇಡಂ ಬಾಗಿಲು ತಟ್ಟಲು ಧೈರ್ಯ ಸಾಲದಿದ್ದರೆ ಮೊದಲು ಮೌಶಿಯ ಹತ್ತಿರ ಬಂದು ಸುಮ್ಮನೆ ಕೂರುತ್ತಾಳೆ. ಮೌಶಿ ಏನಾಯಿತು ಎಂದು ಕೇಳುವುದಿಲ್ಲ, ರೊಟ್ಟಿ ಮುರಿದು ಕೊಡುತ್ತಾರೆ. ಹೇಳುವುದಿದ್ದರೆ ಹುಡುಗಿಯೇ ಹೇಳುತ್ತಾಳೆ ಎನ್ನುವುದು ಬೇವಿನ ನೆರಳಿನ ದಿನಗಳಿಂದ ಅವರಿಗೆ ಗೊತ್ತು.

ಇವತ್ತು ಸಾಲೋಟಗಿ ಬಸ್ಸು ತಡವಾಗಿದೆ. ಮೊದಲ ಗಂಟೆ ಹೊಡೆದಾಗಿದೆ. ಬಸ್ಸು ನಿಲ್ಲುವ ಮುಂಚೆಯೇ ಹುಡುಗಿಯರು ದಬದಬ ಇಳಿಯುತ್ತಾರೆ. ಅವರ ನಡುವೆ ಮಂಜರಿ, ಹೆಗಲಿಂದ ಜಾರುವ ಚೀಲ ಎಳೆದುಕೊಳ್ಳುತ್ತ, ಗೆಳತಿಗೆ ಏನೋ ಕೂಗಿ ಹೇಳುತ್ತ, ನಗುತ್ತ ಓಡಿಬರುತ್ತಾಳೆ. ಮೌಶಿ ಗೇಟಿನಲ್ಲಿ ನಿಂತಿರುವುದು ಅವಳ ಕಣ್ಣಿಗೇ ಬೀಳುವುದಿಲ್ಲ. ಪಕ್ಕದಲ್ಲೇ ಹಾದುಹೋಗುತ್ತಾಳೆ.

ನಿಮ್ಮನ್ನು ನೋಡಲೇ ಇಲ್ಲವಲ್ಲ, ಬೇಜಾರಿಲ್ಲವೇ ಎಂದು ಕೇಳಿದರೆ ದಾವಲಬಿ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾರೆ.

"ಇಷ್ಟ ನೋಡ್ರಿ ನನಗ ಬೇಕಾಗಿದ್ದು. ಹುಡಿಗ್ಯಾರು ತಡಾ ಆತಂತ ಓಡ್ಲಿ. ಅಂಜಿ ಓಡೂದು ಬ್ಯಾಡ."